ಬಣ್ಣ ಬದಲಾದ ಮಾತ್ರೆ, ಬಣ್ಣ ಬದಲಾಗದ ಮಾತ್ರೆ

ಓದುಗರೊಬ್ಬರ ಪತ್ರದ ಸಾರಾಂಶ: ನನ್ನ ತಾಯಿಗೆ 72 ವರ್ಷ. ರಕ್ತದೊತ್ತಡಕ್ಕೆ ಲೋಸಾರ್ಟನ್, ಥೈರಾಯ್ಡ್ ಕೊರತೆಗೆ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷ ಎರಡೂ ಬ್ರ್ಯಾಂಡ್ ಔಷಧಗಳೇ ಆಗಿದ್ದವು. ಅಂಚೆಯ ಮೂಲಕ ಔಷಧ ಕಳಿಸುವ ಫಾರ್ಮಸಿಯೊಂದರಿಂದ ಒಂದೇ ಸಲಕ್ಕೆ ಮೂರು ತಿಂಗಳದ್ದನ್ನು ತರಿಸುತ್ತೇವೆ. ಈ ಬಾರಿ ಯಾವ ಸೂಚನೆಯೂ ಇಲ್ಲದೆ ಎರಡೂ ಬ್ರ್ಯಾಂಡ್ ಹೆಸರಿಲ್ಲದ ಜೆನೆರಿಕ್ ಆಗಿ ಬಂದಿವೆ. ಹಸಿರು ಬಿಪಿ ಮಾತ್ರೆಯ ಜಾಗದಲ್ಲಿ ಬಿಳಿ ಮಾತ್ರೆ ಕಂಡ ಅಮ್ಮ ‘ಇದು ನನ್ನ ಮಾತ್ರೆಯಲ್ಲ’ ಎಂದು ಅದನ್ನು ಪಕ್ಕಕ್ಕಿಟ್ಟು ಒಂಬತ್ತು ದಿನಗಳಾದವು. ಥೈರಾಯ್ಡ್ ಮಾತ್ರೆ ಮೊದಲಿನಂತೆಯೇ ಕಾಣುವುದರಿಂದ ಅದನ್ನು ನುಂಗುತ್ತಿದ್ದಾರೆ. ಜೆನೆರಿಕ್ ಎಂದರೆ ಕಡಿಮೆ ದರ್ಜೆಯದೇ? ಹೆಚ್ಚು ಹಣ ತೆತ್ತಾದರೂ ಬ್ರ್ಯಾಂಡ್ ಔಷಧವನ್ನೇ ಕೇಳಬೇಕೇ?

ಮಾನ್ಯರೇ,

ನೀವು ಕೇಳಿರುವ ಎರಡು ಪ್ರಶ್ನೆಗಳಿಗಿಂತ, ಕೇಳದೆ ಹಾಗೆಯೇ ಹೇಳಿಹೋಗಿರುವ ಒಂದು ಮಾತು ನಮ್ಮನ್ನು ಹೆಚ್ಚು ಕಳವಳಕ್ಕೀಡುಮಾಡಿತು. ನಿಮ್ಮ ತಾಯಿಯವರು ಒಂಬತ್ತು ದಿನಗಳಿಂದ ರಕ್ತದೊತ್ತಡದ ಮಾತ್ರೆ ತೆಗೆದುಕೊಂಡಿಲ್ಲ. ಜೆನೆರಿಕ್ ಔಷಧದಿಂದ ಆಗಬಹುದಾದ ತೊಂದರೆ ಏನೇ ಇರಲಿ, ಔಷಧವನ್ನೇ ಬಿಟ್ಟುಬಿಡುವುದರಿಂದ ಆಗುವ ಅಪಾಯ ಅದಕ್ಕಿಂತ ದೊಡ್ಡದು. ಆದ್ದರಿಂದ ಈ ಉತ್ತರವನ್ನು ಕೊನೆಯವರೆಗೆ ಓದುವ ಮೊದಲೇ ಡಬ್ಬಿಯ ಲೇಬಲ್ ಮೇಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಫಾರ್ಮಸಿಸ್ಟರನ್ನೇ ಕೇಳಿ ಮಾತನಾಡಿ. ಮಾತ್ರೆಯ ಮೇಲೆ ಅಚ್ಚಾಗಿರುವ ಅಕ್ಷರ, ಅಂಕಿಗಳನ್ನು ಓದಿ ಹೇಳಿದರೆ ಅದು ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾರು ತಯಾರಿಸಿದ್ದು ಎಂಬುದನ್ನು ಅವರು ಖಚಿತಪಡಿಸಬಲ್ಲರು. ಆ ಮೇಲೆ ಮಾತ್ರೆಯನ್ನು ಮತ್ತೆ ಆರಂಭಿಸುವ ಬಗ್ಗೆ ವೈದ್ಯರನ್ನು ಕೇಳಿ. ತಪ್ಪಿಹೋದ ದಿನಗಳ ಮಾತ್ರೆಗಳನ್ನು ಸೇರಿಸಿ ಒಟ್ಟಿಗೆ ನುಂಗುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ನಿಮ್ಮ ತಾಯಿಯವರು ಮಾಡಿದ್ದು ಮೊಂಡುತನ ಎಂದು ದಯವಿಟ್ಟು ಭಾವಿಸಬೇಡಿ. ಹೃದಯಾಘಾತದಿಂದ ಚೇತರಿಸಿಕೊಂಡು ಜೆನೆರಿಕ್ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದವರ ಬಗ್ಗೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಾತ್ರೆಯ ಬಣ್ಣ ಬದಲಾದಾಗ ರೋಗಿಗಳು ಔಷಧ ನಿಲ್ಲಿಸುವ ಸಂಭವ ಶೇ. 34ರಷ್ಟೂ ಆಕಾರ ಬದಲಾದಾಗ ಶೇ. 66ರಷ್ಟೂ ಹೆಚ್ಚುತ್ತದೆ ಎಂದು ಕಂಡುಕೊಂಡಿತು. ದಿನಕ್ಕೆ ನಾಲ್ಕೈದು ಮಾತ್ರೆ ನುಂಗುವ ಹಿರಿಯರು ಹೆಸರು ಓದಿ ಔಷಧ ತೆಗೆದುಕೊಳ್ಳುವುದಿಲ್ಲ, ‘ಹಸಿರುದು ಬೆಳಿಗ್ಗೆಗೆ, ದುಂಡಗಿನದು ರಾತ್ರಿಗೆ’ ಎಂದು ಗುರುತಿಟ್ಟುಕೊಂಡಿರುತ್ತಾರೆ. ಆ ಗುರುತನ್ನು ಹೇಳದೆ ಕೇಳದೆ ಬದಲಿಸಿದಾಗ ಅವರಿಗೆ ಅನುಮಾನ ಬರುವುದೇ ಸರಿ. ಎದುರಿಗೆ ನಿಂತು ಔಷಧ ಕೊಡುವವರಾಗಿದ್ದರೆ ‘ಬಣ್ಣ ಬೇರೆ, ಔಷಧ ಅದೇ’ ಎಂಬ ನಾಲ್ಕು ಮಾತಿನಲ್ಲಿ ಮುಗಿಯುತ್ತಿದ್ದ ವಿಷಯ ಇದು. ಪಾರ್ಸೆಲ್‌ಗೆ ಬಾಯಿಲ್ಲ. ಅಂಚೆ ಫಾರ್ಮಸಿಗಳ ಬಗ್ಗೆ ನಮ್ಮ ಮುಖ್ಯ ತಕರಾರು ಅವು ಜೆನೆರಿಕ್ ಕಳಿಸುತ್ತವೆ ಎಂಬುದಲ್ಲ, ಬದಲಾವಣೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು.

ಇನ್ನು ಜೆನೆರಿಕ್ ಕಡಿಮೆ ದರ್ಜೆಯದೇ ಎಂಬ ಪ್ರಶ್ನೆ. ಹೊಸ ಔಷಧವೊಂದರ ಪೇಟೆಂಟ್ ಅವಧಿ ಮುಗಿದ ಮೇಲೆ ಅದೇ ಸಕ್ರಿಯ ಘಟಕವನ್ನು, ಅದೇ ಪ್ರಮಾಣದಲ್ಲಿ, ಅದೇ ರೂಪದಲ್ಲಿ ಬೇರೆ ಕಂಪನಿಗಳು ತಯಾರಿಸಬಹುದು. ಅಮೆರಿಕದಲ್ಲಿ 1984ರ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು: ಮೂಲ ಕಂಪನಿ ಸಾವಿರಾರು ರೋಗಿಗಳ ಮೇಲೆ ಒಮ್ಮೆ ಮಾಡಿ ತೋರಿಸಿದ ಪ್ರಯೋಗಗಳನ್ನು ಜೆನೆರಿಕ್ ಕಂಪನಿ ಮತ್ತೆ ಮಾಡಬೇಕಿಲ್ಲ, ತನ್ನ ಮಾತ್ರೆಯಿಂದಲೂ ಔಷಧ ಅಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆ ಎಂದು ತೋರಿಸಿದರೆ ಸಾಕು. ಬೆಲೆ ಇಳಿಯುವುದಕ್ಕೆ ಇದೇ ದೊಡ್ಡ ಕಾರಣ. ಬಣ್ಣ, ಆಕಾರ, ಅಂಟು, ಪಿಷ್ಟ, ಲ್ಯಾಕ್ಟೋಸ್‌ನಂತಹ ಪೂರಕ ಪದಾರ್ಥಗಳು ಬೇರೆಯಾಗಿರಬಹುದು. ಯಾವುದಾದರೂ ಬಣ್ಣ ಅಥವಾ ಲ್ಯಾಕ್ಟೋಸ್ ಒಗ್ಗದವರು ಆ ಪಟ್ಟಿಯನ್ನು ಕೇಳಿ ನೋಡುವುದು ಒಳ್ಳೆಯದು, ಉಳಿದವರಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ.

ಇಲ್ಲಿ ಬಹಳ ಕಾಲದಿಂದ ಹರಡಿರುವ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಬೇಕು. ಪರೀಕ್ಷೆಯ ನಿಯಮದಲ್ಲಿ 80 ಮತ್ತು 125 ಎಂಬ ಎರಡು ಸಂಖ್ಯೆಗಳು ಬರುತ್ತವೆ. ಅದನ್ನು ನೋಡಿದ ಕೆಲವರು ಜೆನೆರಿಕ್ ಮಾತ್ರೆಯಲ್ಲಿ ಔಷಧ ಶೇ. 20 ಕಡಿಮೆ ಇರಬಹುದು, ಶೇ. 25 ಹೆಚ್ಚೂ ಇರಬಹುದು ಎಂದು ಹೇಳುತ್ತಾರೆ. ಅದು ಹಾಗಲ್ಲ. ಆ ಸಂಖ್ಯೆಗಳು ಮಾತ್ರೆಯಲ್ಲಿರುವ ಔಷಧದ ತೂಕಕ್ಕೆ ಸಂಬಂಧಿಸಿದವಲ್ಲ. ಮೂಲ ಔಷಧ ಮತ್ತು ಜೆನೆರಿಕ್ ರಕ್ತ ಸೇರುವ ಅಳತೆಗಳ ಶೇಕಡಾವಾರು ಅನುಪಾತ ಮತ್ತು ಆ ಅಳತೆಯಲ್ಲಿರುವ ಅನಿಶ್ಚಿತತೆ ಎರಡೂ ಸೇರಿ ಪೂರ್ತಿಯಾಗಿ ಆ ಗೆರೆಗಳ ಒಳಗೇ ಬೀಳಬೇಕು ಎಂಬುದು ನಿಯಮ. ಸರಾಸರಿಯೇ ಶೇ. 20ರಷ್ಟು ಹಿಂದೆ ಬಿದ್ದ ಔಷಧ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗಲಾರದು. 1996ರಿಂದ 2007ರವರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸಲ್ಲಿಕೆಯಾದ ಇಂತಹ 2,070 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ರಕ್ತಕ್ಕೆ ಸೇರಿದ ಔಷಧದ ಮೊತ್ತದಲ್ಲಿ ಕಂಡ ಸರಾಸರಿ ವ್ಯತ್ಯಾಸ ಸುಮಾರು ಶೇ. 3.5 ಮಾತ್ರ. ಲೋಸಾರ್ಟನ್‌ನಂತಹ ಔಷಧದಲ್ಲಿ ಇಷ್ಟು ಸಣ್ಣ ಅಂತರ ರೋಗಿಯ ಗಮನಕ್ಕೇ ಬಾರದು.

ಹಾಗೆಂದು ಜೆನೆರಿಕ್‌ಗಳಲ್ಲಿ ಎಂದೂ ಎಡವಟ್ಟಾಗಿಲ್ಲ ಎಂದು ಹೇಳಿದರೆ ಅದು ಅಪ್ರಾಮಾಣಿಕತೆಯಾದೀತು. ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಎಂಬ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯ 300 ಮಿಲಿಗ್ರಾಂ ಜೆನೆರಿಕ್ ಒಂದನ್ನು 150 ಮಿಲಿಗ್ರಾಂ ಮಾತ್ರೆಯ ಪರೀಕ್ಷೆಯ ಆಧಾರದ ಮೇಲೆಯೇ ಒಪ್ಪಿಕೊಳ್ಳಲಾಗಿತ್ತು. ‘ಇದು ಮೊದಲಿನಂತೆ ಕೆಲಸ ಮಾಡುತ್ತಿಲ್ಲ’ ಎಂಬ ರೋಗಿಗಳ ದೂರುಗಳು ವರ್ಷಗಟ್ಟಲೆ ಬಂದ ಮೇಲೆ 2012ರಲ್ಲಿ ಅದು ಮೂಲ ಔಷಧಕ್ಕೆ ಸಮವಲ್ಲ ಎಂದು ತೀರ್ಮಾನವಾಗಿ ಮಾರುಕಟ್ಟೆಯಿಂದ ಹೊರಹೋಯಿತು. ದೂರು ಕೊಟ್ಟವರ ಮಾತು ಸರಿಯಾಗಿತ್ತು ಎಂಬುದನ್ನು ಮರೆಯಬಾರದು. ಹಾಗೆಯೇ 2018ರಿಂದೀಚೆಗೆ ರಕ್ತದೊತ್ತಡದ ಇನ್ನೊಂದು ಔಷಧವಾದ ವಾಲ್ಸಾರ್ಟನ್, ಮುಂದೆ ಲೋಸಾರ್ಟನ್‌ನ ಹಲವು ಬ್ಯಾಚ್‌ಗಳನ್ನು ಕ್ಯಾನ್ಸರ್ ತರಬಹುದಾದ ನೈಟ್ರೋಸಮೀನ್ ಎಂಬ ಕಲ್ಮಶ ಕಂಡುಬಂದದ್ದರಿಂದ ಹಿಂದಕ್ಕೆ ಪಡೆಯಲಾಯಿತು. ಆದರೆ ಅದೇ ಜಾತಿಯ ಕಲ್ಮಶಕ್ಕಾಗಿ 2021ರಲ್ಲಿ ಧೂಮಪಾನ ಬಿಡಲು ಕೊಡುವ ಚಾಂಟಿಕ್ಸ್ ಎಂಬ ಬ್ರ್ಯಾಂಡ್ ಔಷಧವನ್ನೂ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಇಂತಹ ಸಂದರ್ಭದಲ್ಲಿ ರೋಗಿಯ ಕೈಯಲ್ಲಿ ಇರಬೇಕಾದದ್ದು ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ. ದೊಡ್ಡ ಡಬ್ಬಿಯಿಂದ ಎಣಿಸಿ ಸಣ್ಣ ಡಬ್ಬಿಗೆ ತುಂಬಿ ಕಳಿಸುವಾಗ ಬ್ಯಾಚ್ ಸಂಖ್ಯೆ ಎಷ್ಟೋ ಸಲ ಲೇಬಲ್ ಮೇಲೆ ಬರುವುದೇ ಇಲ್ಲ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಪತ್ರದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದ ಇನ್ನೊಂದು ಮಾತ್ರೆಗೆ ಬರೋಣ. ಬಣ್ಣ ಬದಲಾದದ್ದರ ಬಗ್ಗೆ ನೀವು ಹೆದರಿದ್ದೀರಿ. ನಾವು ವಿಚಾರಿಸಬೇಕೆನ್ನುವುದು ಬಣ್ಣ ಬದಲಾಗದ ಥೈರಾಯ್ಡ್ ಮಾತ್ರೆಯನ್ನು. ಲೆವೊಥೈರಾಕ್ಸಿನ್‌ನ ಬಣ್ಣವನ್ನು ಹಲವು ಕಂಪನಿಗಳು ಪ್ರಮಾಣಕ್ಕೆ ತಕ್ಕಂತೆ ಒಂದೇ ರೀತಿಯಾಗಿ ಇಡುವುದರಿಂದ ತಯಾರಕರು ಬದಲಾದರೂ ಕಣ್ಣಿಗೆ ತಿಳಿಯದೆ ಹೋಗಬಹುದು. ಮೈಕ್ರೋಗ್ರಾಂಗಳಲ್ಲಿ ಅಳೆದು ಕೊಡುವ, ಸಣ್ಣ ಏರುಪೇರಿಗೂ ದೇಹ ಸ್ಪಂದಿಸುವ ಔಷಧ ಇದು. ಅಮೆರಿಕದ ನಿಯಂತ್ರಣ ಸಂಸ್ಥೆ 2007ರಲ್ಲಿ ಈ ಮಾತ್ರೆಗಳ ಸತ್ವ ಅವಧಿ ಮುಗಿಯುವವರೆಗೂ ಶೇ. 95ರಿಂದ 105ರೊಳಗೇ ಇರಬೇಕೆಂದು ನಿಯಮವನ್ನು ಬಿಗಿಗೊಳಿಸಿದ್ದು ಇದೇ ಕಾರಣಕ್ಕೆ. ತಯಾರಕರು ಬದಲಾದರೂ ಬಹಳ ಮಂದಿಗೆ ಏನೂ ಆಗುವುದಿಲ್ಲ. ಆದರೂ ಬದಲಾದ ಆರರಿಂದ ಎಂಟು ವಾರಗಳ ನಂತರ ಥೈರಾಯ್ಡ್ ಮಟ್ಟ ಸರಿಯಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯ ರೂಢಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಂಗಕಸಿ ಮಾಡಿಸಿಕೊಂಡವರ ಟ್ಯಾಕ್ರೊಲಿಮಸ್, ಅಪಸ್ಮಾರದ ಕೆಲವು ಔಷಧಗಳು ಇದೇ ಗುಂಪಿಗೆ ಸೇರುತ್ತವೆ. ಇವುಗಳ ವಿಷಯದಲ್ಲಿ ಬ್ರ್ಯಾಂಡೇ ಆಗಲಿ ಜೆನೆರಿಕ್ಕೇ ಆಗಲಿ, ಹೊಂದಿಕೊಂಡಿರುವ ಒಂದೇ ತಯಾರಕರ ಔಷಧದಲ್ಲಿ ಇರುವುದೇ ಲೇಸು.

ಆದ್ದರಿಂದ ಹೆಚ್ಚು ಹಣ ತೆತ್ತು ಎರಡಕ್ಕೂ ಬ್ರ್ಯಾಂಡ್ ಕೇಳಿ ಎಂದು ನಾವು ಹೇಳಲಾರೆವು. ಲೋಸಾರ್ಟನ್‌ಗೆ ಅದರ ಅಗತ್ಯವಿಲ್ಲ. ಥೈರಾಯ್ಡ್ ಮಾತ್ರೆಗೆ, ಪ್ರತಿ ಸಲವೂ ಒಂದೇ ತಯಾರಕರದ್ದನ್ನು ಕಳಿಸುವಿರಾ ಎಂದು ಫಾರ್ಮಸಿಯನ್ನು ಕೇಳಿ, ಹಾಗೆ ಕೇಳಿದ್ದನ್ನು ಅವರ ದಾಖಲೆಯಲ್ಲಿ ಬರೆಸಿ. ಅವರಿಂದ ಆಗದಿದ್ದರೆ, ಬದಲಿ ಔಷಧ ಕೊಡಬಾರದು ಎಂದು ಚೀಟಿಯಲ್ಲೇ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು. ಮೂರು ತಿಂಗಳ ಔಷಧ ಮುಗಿಯುವ ಎರಡು ವಾರ ಮೊದಲೇ ಮುಂದಿನದನ್ನು ತರಿಸಿಕೊಂಡರೆ ವಿಚಾರಿಸಲು ಸಮಯ ಉಳಿಯುತ್ತದೆ. ಬೇಸಿಗೆಯಲ್ಲಿ ಪಾರ್ಸೆಲ್ ಬಿಸಿಲಲ್ಲಿ ಬಿದ್ದಿರದಂತೆಯೂ ನೋಡಿಕೊಳ್ಳಿ. ವೈದ್ಯರ ಚೀಟಿ ಕೇಳದೆಯೇ ಔಷಧ ಕಳಿಸುವವರ ಸಹವಾಸವಂತೂ ಬೇಡವೇ ಬೇಡ.

ಕೊನೆಗೆ, ನಮ್ಮ ಮನೆಯಲ್ಲೇ ನಡೆದದ್ದರಿಂದ ಒತ್ತಿ ಹೇಳಬೇಕಾದ ಒಂದು ವಿಷಯವಿದೆ. ನಮ್ಮ ತಂದೆಯವರಿಗೆ ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಇತ್ತು. ಒಂದು ಡಬ್ಬಿಯ ಮೇಲೆ ಕಂಪನಿ ಇಟ್ಟ ಹೆಸರು, ಅಂಚೆಯಲ್ಲಿ ಬಂದ ಹೊಸ ಡಬ್ಬಿಯ ಮೇಲೆ ಔಷಧದ ಮೂಲ ಹೆಸರು. ಎರಡು ಬೇರೆ ಬೇರೆ ಮಾತ್ರೆಗಳೆಂದು ತಿಳಿದು ಅವರು ಹತ್ತು ಹನ್ನೆರಡು ದಿನ ಎರಡನ್ನೂ ತೆಗೆದುಕೊಂಡರು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತ ಗುರುತು ಕಂಡಾಗಲೇ ನಮಗೆ ತಿಳಿದದ್ದು. ಅಷ್ಟರಲ್ಲಿ ಅವರು ಹಾಸಿಗೆಯಿಂದ ಎದ್ದೊಡನೆ ತಲೆ ಸುತ್ತಿ ಎರಡು ಸಲ ಗೋಡೆ ಹಿಡಿದು ನಿಂತಿದ್ದರಂತೆ, ಹೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಹಸಿರು ಮಾತ್ರೆಯ ಹಳೆಯ ಡಬ್ಬಿಯಲ್ಲಿ ನಾಲ್ಕಾರು ಉಳಿದಿರಬಹುದು. ಫಾರ್ಮಸಿಸ್ಟರೊಡನೆ ಮಾತನಾಡಿದ ಮೇಲೆ ಎರಡೂ ಡಬ್ಬಿಗಳನ್ನು ತಾಯಿಯವರ ಮುಂದಿಟ್ಟು, ಎರಡರ ಮೇಲೂ ಇರುವ ‘ಲೋಸಾರ್ಟನ್’ ಎಂಬ ಹೆಸರನ್ನು ಅವರಿಂದಲೇ ಓದಿಸಿ, ಆಮೇಲೆ ಹಳೆಯದನ್ನು ಅವರ ಕೈಗೆ ಸಿಗದ ಕಡೆ ತೆಗೆದಿಡಿ.

ಸಂಪಾದಕ