ಪೈ 4ರಲ್ಲಿ ಬಿಟ್‌ಕಾಯಿನ್ ನೋಡ್: ಬೋರ್ಡ್ ಇರಲಿ, ಡಿಸ್ಕ್ ಬದಲಿಸಿ

4 ಜಿಬಿ ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್ ಬೋರ್ಡ್), ಜೊತೆಗೆ 1 ಟಿಬಿ ಹಾರ್ಡ್‌ಡಿಸ್ಕ್ ಬಿಟ್‌ಕಾಯಿನ್ ಫುಲ್ ನೋಡ್‌ಗೆ (ವಹಿವಾಟಿನ ದಾಖಲೆಯ ಬ್ಲಾಕ್‌ಗಳನ್ನೆಲ್ಲ ಇಳಿಸಿ ತಾನೇ ಪರೀಕ್ಷಿಸುವ ಕಂಪ್ಯೂಟರ್‌ಗೆ) ಸಾಕಾ, ಪೈ 5 ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೋರ್ಡ್ ನಡೆಯುತ್ತೆ, ಡಿಸ್ಕ್ ನಡೆಯಲ್ಲ. ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿಯಾದ ಚೈನ್‌ಸ್ಟೇಟ್ ಡೇಟಾಬೇಸ್ ಡಿಸ್ಕ್ ತುಂಬ ಅಲ್ಲಲ್ಲಿ ಓದಿ ಬರೆಯುತ್ತೆ. ತಿರುಗುವ ಡಿಸ್ಕ್‌ನಲ್ಲಿ ಮೊದಲ ಸಿಂಕ್ (ಎಲ್ಲ ಬ್ಲಾಕ್ ಇಳಿಸಿ ಪರೀಕ್ಷಿಸುವ ಕೆಲಸ) ವಾರಗಟ್ಟಲೆ ಎಳೆಯುತ್ತೆ. ಬ್ಲಾಕ್‌ಗಳೇ 700 ಜಿಬಿ ದಾಟಿವೆ, ಹಾಗಾಗಿ 2 ಟಿಬಿ ಎಸ್‌ಎಸ್‌ಡಿ ತಗೊಳ್ಳಿ. ಎಸ್‌ಡಿ ಕಾರ್ಡ್‌ನಲ್ಲಿ ಓಎಸ್ ಮಾತ್ರ.

ಜನ ಎಡವೋದು ಕರೆಂಟ್ ವಿಷಯದಲ್ಲಿ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 1.2 ಆಂಪ್ ಅಷ್ಟೇ. ಎಸ್‌ಎಸ್‌ಡಿ ಅದಕ್ಕಿಂತ ಹೆಚ್ಚು ಎಳೆದರೆ ನಡುವೆಯೇ ಕಳಚಿಕೊಂಡು ಡೇಟಾಬೇಸ್ ಕೆಡುತ್ತೆ, ಆಮೇಲೆ ಅದನ್ನು ಮೊದಲಿಂದ ಕಟ್ಟುವ ರೀಇಂಡೆಕ್ಸೇ ಗತಿ. ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿ, ನೀಲಿ (ಯುಎಸ್‌ಬಿ 3) ಪೋರ್ಟ್‌ಗೆ ಚುಚ್ಚಿ. ಸಿಂಕ್ ಮುಗಿಯೋವರೆಗೆ ಡಿಬಿಕ್ಯಾಶ್ (ಡೇಟಾಬೇಸ್‌ಗೆ ಕೊಡುವ ಮೆಮೊರಿ, ಎಂಬಿಯಲ್ಲಿ) 2000 ಇಡಿ, ನಂತರ 450. ಪೈ 5 ಕೊಂಡರೂ 5 ವೋಲ್ಟ್, 5 ಆಂಪ್ ಅಡಾಪ್ಟರನ್ನೇ ಕೊಳ್ಳಿ; 3 ಆಂಪ್‌ನದ್ದಾದರೆ ಪೈ 5 ಯುಎಸ್‌ಬಿಗೆ ಒಟ್ಟು 600 ಮಿಲಿಆಂಪ್ ಮಾತ್ರ ಬಿಡುತ್ತೆ.