ನಾಣ್ಯ ಕಂಡ ಕಣ್ಣಿಗೆ ಹಾಲಿನ ಪಾತ್ರೆ ಕಾಣಲಿಲ್ಲವೇ?

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಒಂದೂವರೆ ಎಕರೆ ಹೊಲ, ಎರಡು ಹಸು. ಯಜಮಾನರು ಗಾರೆ ಕೆಲಸಕ್ಕೂ ಹೋಗುತ್ತಾರೆ. ಮೈದುನ ನಮ್ಮ ಜೊತೆಗೇ ಇದ್ದಾನೆ, 34 ವರ್ಷ. ಚಿಕ್ಕಂದಿನಿಂದಲೂ ಇರುಳುಗಣ್ಣು. ಐದು ವರ್ಷದ ಹಿಂದೆ ಬೆಂಗಳೂರಿನಲ್ಲಿ ತೋರಿಸಿದಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು. ಚೀಟಿಯಲ್ಲಿ ಎರಡೂ ಕಣ್ಣಿಗೆ 6/12 (ಬೇರೆಯವರು 12 ಮೀಟರಿನಿಂದ ಓದುವ ಅಕ್ಷರವನ್ನು ಆರು ಮೀಟರಿನಿಂದ ಓದಬಲ್ಲ), ಫೀಲ್ಡ್, ಅಂದರೆ ನೋಟದ ಹರವು, 10 ಡಿಗ್ರಿಗಿಂತ ಕಡಿಮೆ ಎಂದಿದೆ. ಆದರೆ ಅವನು ಮೊಬೈಲ್ ನೋಡುತ್ತಾನೆ, ಪೇಪರ್ ಓದುತ್ತಾನೆ, ಹಗಲು ಹೊತ್ತು ಟಿವಿಎಸ್ ಗಾಡಿಯಲ್ಲಿ ಡೈರಿಗೆ ಹಾಲು ಹಾಕಿ ಬರುತ್ತಾನೆ. ಊರಿನವರು ‘ಐನಾತಿ ಕಣಮ್ಮ, ಪುಗಸಟ್ಟೆ ಪಿಂಚಣಿಗೆ ಕುರುಡನ ವೇಷ’ ಅನ್ನುತ್ತಾರೆ. ಹೋದ ವರ್ಷ ಒಂದು ಕ್ಯಾಂಪಿನಲ್ಲಿ ಬೋರ್ಡ್ ಓದಿಸಿ ‘ಇವರಿಗೆ ಬರಲ್ಲ’ ಅಂದು ಕಳಿಸಿದರು. ಯಜಮಾನರಿಗೆ ಕೈಕಾಲು ಗಟ್ಟಿ ಇರುವವನು ಸರ್ಕಾರದ ಮುಂದೆ ಕೈಯೊಡ್ಡುವುದು ಅವಮಾನ. ಅತ್ತೆಗೆ ಸರ್ಟಿಫಿಕೇಟ್ ಮಾಡಿಸಿದರೆ ಹೆಣ್ಣು ಸಿಗಲ್ಲ ಅನ್ನುವ ಭಯ. ಮೊನ್ನೆ ನೆಲಕ್ಕೆ ಬಿದ್ದ ಎರಡು ರೂಪಾಯಿ ನಾಣ್ಯ ಹುಡುಕಿ ಕೊಟ್ಟವನು, ಹತ್ತು ನಿಮಿಷ ಬಿಟ್ಟು ಹಾಲಿನ ಪಾತ್ರೆ ಒದ್ದು ಚೆಲ್ಲಿದ. ‘ಬೇಕಾದ್ದು ಮಾತ್ರ ಕಾಣುತ್ತೆ ನಿನಗೆ’ ಅಂದುಬಿಟ್ಟೆ. ಅವತ್ತಿನಿಂದ ಮಾತಿಲ್ಲ. ನಿಜ ಹೇಳಿ, ಅವನು ನಾಟಕ ಮಾಡುತ್ತಿದ್ದಾನಾ? ಅರ್ಜಿ ಹಾಕಿದರೆ ಸರ್ಕಾರಕ್ಕೆ ಮೋಸ ಮಾಡಿದ ಹಾಗಾಗುತ್ತಾ?

ಉತ್ತರ: ಇಲ್ಲ, ನಾಟಕವಲ್ಲ. ನಾಣ್ಯ ಕಂಡಿದ್ದು, ಪಾತ್ರೆ ಕಾಣದೇ ಹೋಗಿದ್ದು ಎರಡೂ ಒಂದೇ ಕಾಯಿಲೆಯ ಲಕ್ಷಣ.

ಒಂದು ಎ4 ಹಾಳೆಯನ್ನು ಉದ್ದಕ್ಕೆ ಸುತ್ತಿ, ಬಾಯಿ ಐದು ಸೆಂ.ಮೀ. ಅಗಲ ಇರುವಂತೆ ಕೊಳವೆ ಮಾಡಿ. ಒಂದು ಕಣ್ಣಿಗೆ ಅದನ್ನು ಒತ್ತಿ ಹಿಡಿದು, ಇನ್ನೊಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಿ. ಈಗ ಮೊಬೈಲಿನ ಮೆಸೇಜು ಓದಿ, ಸಲೀಸಾಗಿ ಓದುತ್ತೀರಿ. ನೆಲದ ಮೇಲೆ ನಾಣ್ಯ ಹಾಕಿಸಿ ಕೊಳವೆಯನ್ನು ನಿಧಾನವಾಗಿ ಆಡಿಸುತ್ತಾ ಹುಡುಕಿ, ಅದೂ ಸಿಗುತ್ತದೆ. ಹಾಗೇ ಎದ್ದು ಅಡುಗೆಮನೆಯಿಂದ ಹಿತ್ತಿಲಿಗೆ ನಡೆಯಿರಿ. ಕೊಳವೆಯ ಆಚೆ ಇರುವ ಬಕೆಟ್ಟು, ಹೊಸ್ತಿಲು, ಕಾಲಡಿ ಮಲಗಿದ ಬೆಕ್ಕು ಯಾವುದೂ ನಿಮಗಿಲ್ಲ. ಆ ಕೊಳವೆಯಲ್ಲಿ ಕಾಣುವುದು ಹತ್ತಿರ ಹತ್ತಿರ 10 ಡಿಗ್ರಿ, ಅಂದರೆ ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿಯಗಲ. ನಿಮ್ಮ ಎರಡು ಕಣ್ಣು ಸೇರಿ ಹೆಚ್ಚುಕಡಿಮೆ 180 ಡಿಗ್ರಿ ನೋಡುತ್ತವೆ. ನಿಮ್ಮ ಮೈದುನ ಎಚ್ಚರವಿರುವಷ್ಟು ಹೊತ್ತೂ ಆ ಕೊಳವೆಯಲ್ಲೇ ಇರುತ್ತಾರೆ, ಸಂಜೆಯಾದ ಮೇಲೆ ಅದರೊಳಗೂ ಕತ್ತಲು. ಈ ಪರೀಕ್ಷೆಯನ್ನು ಮೊದಲು ನಿಮ್ಮ ಯಜಮಾನರಿಂದ ಮಾಡಿಸಿ, ಆಮೇಲೆ ಅತ್ತೆಯಿಂದ. ಊರಿನವರಿಗೆ ಕೊಳವೆ ಹಂಚುತ್ತಾ ಕೂರಬೇಕಿಲ್ಲ.

ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಕತ್ತಲಲ್ಲಿ ನೋಡುವ ಮತ್ತು ಅಂಚಿನದನ್ನು ಹಿಡಿಯುವ ಕೋಶಗಳು ಬೇರೆ, ನಡುಮಧ್ಯದಲ್ಲಿ ಅಕ್ಷರ, ಬಣ್ಣ ಗುರುತಿಸುವ ಕೋಶಗಳು ಬೇರೆ. ಈ ಕಾಯಿಲೆಯಲ್ಲಿ ಮೊದಲ ಜಾತಿಯವು ಮೊದಲು ಸಾಯುತ್ತವೆ. ಅದಕ್ಕೇ ಇರುಳುಗಣ್ಣಿನಿಂದ ಶುರುವಾಗಿ, ಸುತ್ತಲಿನ ನೋಟ ಕಿರಿದಾಗುತ್ತಾ ಬಂದು, ನಡುವಿನದು ಕೊನೆಯವರೆಗೆ ಉಳಿದಿರುತ್ತದೆ. ಬಿಸಿಲಿನಿಂದ ಒಳಗೆ ಬಂದ ತಕ್ಷಣ ಕೆಲವು ನಿಮಿಷ ಏನೂ ಕಾಣದಿರುವುದೂ ಇದರದ್ದೇ. ನಿಮ್ಮ ಹಾಲು ಯಾವಾಗ ಚೆಲ್ಲಿತು, ನೆನಪಿಸಿಕೊಳ್ಳಿ. ಅಂಗಳದಿಂದ ಆಗತಾನೇ ಒಳಗೆ ಬಂದಿದ್ದರೆ?

ಇನ್ನು ಸರ್ಟಿಫಿಕೇಟಿನ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕುರುಡುತನವನ್ನು ಅಕ್ಷರದ ಬೋರ್ಡಿನಿಂದ ಮಾತ್ರ ಅಳೆಯುವುದಿಲ್ಲ. ಸರಿಯಾದ ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಕುರುಡುತನ. ಅಥವಾ ನೋಟದ ಹರವು 10 ಡಿಗ್ರಿಗಿಂತ ಕಡಿಮೆಯಿದ್ದರೂ ಕುರುಡುತನವೇ. 10ರಿಂದ 40 ಡಿಗ್ರಿಯೊಳಗೆ ಇದ್ದರೆ ಮಂದದೃಷ್ಟಿ. ಆ ‘ಅಥವಾ’ ನಿಮ್ಮ ಮೈದುನನಂಥವರಿಗಾಗಿಯೇ ಇರುವುದು. ಚೀಟಿಯಲ್ಲಿರುವ ಲೆಕ್ಕ ಇವತ್ತಿಗೂ ನಿಜವಾದರೆ, 6/12 ಓದಿದರೂ ಕಾನೂನಿನ ಕಣ್ಣಲ್ಲಿ ಅವರು ಅಂಧರು.

ಕ್ಯಾಂಪಿನಲ್ಲಿ ಆದ ಎಡವಟ್ಟು ಇಲ್ಲೇ. ನೂರಾರು ಜನ ಸಾಲು ನಿಂತ ಕಡೆ ಬೋರ್ಡ್ ಓದಿಸುವುದು ಎರಡು ನಿಮಿಷದ ಕೆಲಸ. ಹರವು ಅಳೆಯಲು ಪೆರಿಮೆಟ್ರಿ ಯಂತ್ರ ಬೇಕು, ಒಂದೊಂದು ಕಣ್ಣಿಗೂ ಸಮಯ ಬೇಕು, ಕತ್ತಲೆ ಕೋಣೆ ಬೇಕು. ಕ್ಯಾಂಪಿಗೆ ಆ ಯಂತ್ರ ಬರುವುದಿಲ್ಲ. ಆದ್ದರಿಂದ ಈ ಸಲ ರಿಪೋರ್ಟು ಕೈಯಲ್ಲಿ ಹಿಡಿದೇ ಹೋಗಿ. ಐದು ವರ್ಷ ಹಳೆಯದು ನಡೆಯದು, ಈ ಕಾಯಿಲೆ ಮುಂದುವರಿಯುವಂಥದ್ದು, ಹೊಸ ಫೀಲ್ಡ್ ಟೆಸ್ಟ್ ಮಾಡಿಸಿ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯಂಥ ಕಡೆ, ಇಲ್ಲವೇ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಲ್ಲಿ ಕೇಳಿ. ಟೆಸ್ಟು ಬೆಳಿಗ್ಗೆಯೇ ಆಗಲಿ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಅದು, ದಣಿದ ಕಣ್ಣು ತಪ್ಪು ಒತ್ತುತ್ತದೆ, ತಪ್ಪು ಜಾಸ್ತಿಯಾದರೆ ‘ನಂಬಲರ್ಹವಲ್ಲ’ ಎಂದು ಕಾಗದದ ಮೇಲೇ ಅಚ್ಚಾಗಿ ಬರುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಈ ಪರೀಕ್ಷೆ ಮುಗಿಯಲಿ.

ಅರ್ಜಿ ಹಾಕುವುದು ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ, ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಅಂತ ಹೇಳಿದರೆ ಯಾವ ಸೈಬರ್ ಅಂಗಡಿಯವರಿಗೂ ಗೊತ್ತು. ಆಧಾರ್, ಫೋಟೊ, ಸಹಿ, ರಿಪೋರ್ಟು ಸಾಕು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಆರ್‌ಡಬ್ಲ್ಯು ಅನ್ನುತ್ತಾರೆ, ಬಹುಪಾಲು ಅವರೂ ವಿಕಲಚೇತನರೇ. ಸರ್ಟಿಫಿಕೇಟು ಕೊಡುವ ವೈದ್ಯರ ಬೋರ್ಡ್ ಯಾವ ಆಸ್ಪತ್ರೆಯಲ್ಲಿ, ಯಾವ ವಾರ ಕೂರುತ್ತದೆ ಎನ್ನುವುದು ಅವರಿಗೆ ತಿಳಿದಿರುತ್ತದೆ. ಹೆಸರು, ಇನಿಷಿಯಲ್, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಟೈಪು ಮಾಡಿಸಿ. ಒಂದಕ್ಷರ ತಪ್ಪಿದರೂ ಮುಂದೆ ಪಿಂಚಣಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಬೋರ್ಡಿನ ಮುಂದೆ ವೈದ್ಯರಿಗೆ ಮೊದಲ ಮಾತೇ ‘ಸಾರ್, ಫೀಲ್ಡ್ ರಿಪೋರ್ಟ್ ನೋಡಿ’ ಎಂದಿರಲಿ. ನೋಡದೆ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ನಿಯಮಗಳ 2024ರ ತಿದ್ದುಪಡಿಯ ಪ್ರಕಾರ ಸರ್ಟಿಫಿಕೇಟಿನ ಅರ್ಜಿಯ ತೀರ್ಮಾನಕ್ಕೆ ಮೂರು ತಿಂಗಳ ಗಡುವು. ಕಾರ್ಡಿನ ಬಣ್ಣ, ಅಂಗವೈಕಲ್ಯದ ಪ್ರಮಾಣ ಶೇ.40ಕ್ಕಿಂತ ಕೆಳಗಿದ್ದರೆ ಬಿಳಿ, ಅಲ್ಲಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಮೋಸದ ಪ್ರಶ್ನೆಗೆ ಬರೋಣ, ಅದಕ್ಕೆ ನೇರ ಉತ್ತರ ಬೇಕು. ಕಣ್ಣಿನ ವಿಷಯದಲ್ಲಿ ನೀವು ಮೋಸ ಮಾಡುತ್ತಿಲ್ಲ. ಮೋಸ ನುಸುಳುವ ಜಾಗ ಬೇರೆ, ಅದು ಆದಾಯ ಪ್ರಮಾಣಪತ್ರ. ರಾಜ್ಯದ ಅಂಗವಿಕಲ ವೇತನ ಶೇ.40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, ಶೇ.75ರ ಮೇಲೆ 1,400. ಆದರೆ ವಾರ್ಷಿಕ ಆದಾಯ 32,000 ರೂಪಾಯಿ ಮೀರಿರಬಾರದು. ಲೆಕ್ಕ ಹಾಕಿದರೆ ದಿನಕ್ಕೆ 88 ರೂಪಾಯಿ ಆಗಲಿಲ್ಲ. ಗಾರೆ ಕೆಲಸದವರ ಒಂದು ದಿನದ ಕೂಲಿಯೆದುರು ಈ ಮಿತಿ ತಮಾಷೆಯಂತಿದೆ, ನಮ್ಮ ಮಟ್ಟಿಗೆ ತಪ್ಪು ಇರುವುದು ಮಿತಿಯಲ್ಲಿ. ಹಾಗಂತ ಸುಳ್ಳು ಹೇಳುವ ಸಲಹೆ ಕೊಡಲಾರೆವು. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಇದ್ದದ್ದನ್ನು ಹೇಳಿ. ಬಂದರೆ ಪಿಂಚಣಿ, ಬರದಿದ್ದರೆ ಇಲ್ಲ. ದಲ್ಲಾಳಿಗೆ ದುಡ್ಡು ಕೊಟ್ಟು ‘ಅಡ್ಜಸ್ಟ್’ ಮಾಡಿಸಿದರೆ ಅದೇ 2016ರ ಕಾಯ್ದೆಯ 91ನೇ ಕಲಮಿದೆ, ವಿಕಲಚೇತನರ ಸೌಲಭ್ಯವನ್ನು ವಂಚಿಸಿ ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಪಿಂಚಣಿ ಬರದಿದ್ದರೂ ಸರ್ಟಿಫಿಕೇಟು ವ್ಯರ್ಥವಲ್ಲ. ರಸ್ತೆ ಸಾರಿಗೆ ನಿಗಮದ ರಿಯಾಯಿತಿ ಪಾಸು ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿ.ಮೀ. ಒಳಗೆ ಓಡಾಡಬಹುದು. ಅಂಧರಿಗೆ ಉಚಿತ ಪಾಸು ಬೇರೆ ಇದೆ, ಯಾವುದು ಸಲ್ಲುತ್ತದೆ ಎಂದು ಕಾರ್ಡು ಬಂದ ಮೇಲೆ ಡಿಪೊದಲ್ಲಿ ತೋರಿಸಿ ಕೇಳಿ. ಸರ್ಕಾರಿ ನೌಕರಿಯಲ್ಲಿ ಕಾಯ್ದೆ ಹೇಳುವ ಕನಿಷ್ಠ ಶೇ.4ರಲ್ಲಿ ಒಂದು ಪಾಲು ಅಂಧರಿಗೂ ಮಂದದೃಷ್ಟಿಯವರಿಗೂ ಮೀಸಲು. ಗ್ರಾಮ ಪಂಚಾಯಿತಿ ತನ್ನ ಅನುದಾನದಲ್ಲಿ ಶೇ.5 ವಿಕಲಚೇತನರಿಗೆ ಖರ್ಚು ಮಾಡಬೇಕು. ನಿಮ್ಮ ಪಂಚಾಯಿತಿ ಅದನ್ನು ಯಾವುದಕ್ಕೆ ಖರ್ಚು ಮಾಡಿದೆ ಎಂದು ಗ್ರಾಮಸಭೆಯಲ್ಲಿ ಒಮ್ಮೆ ಕೇಳಿ ನೋಡಿ, ಸಭೆಗೆ ಕಳೆ ಬರುತ್ತದೆ.

ನಿಮ್ಮ ಯಜಮಾನರ ‘ಕೈಯೊಡ್ಡುವುದು’ ಎನ್ನುವ ಮಾತು ಕಾನೂನಿಗೆ ಹೊಂದುವುದಿಲ್ಲ. 24ನೇ ಕಲಮು ವಿಕಲಚೇತನರ ನೆರವನ್ನು ಸರ್ಕಾರದ ಹೊಣೆ ಮಾಡಿದೆ. ಅಂಥದ್ದೇ ಯೋಜನೆಯಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ.25 ಹೆಚ್ಚು ಇರಬೇಕು ಎಂದೂ ಹೇಳಿದೆ. ಏಕೆಂದರೆ ಖರ್ಚು ಹೆಚ್ಚು. ಸಂಜೆಯ ಬಸ್ಸು ತಪ್ಪಿದರೆ ನೀವು ನಡೆದು ಬರುತ್ತೀರಿ, ಅವರು ಆಟೊ ಹಿಡಿಯಬೇಕು. ಹೊಲದ ಬೆಳೆವಿಮೆ ಹಣ ತೆಗೆದುಕೊಳ್ಳುವಾಗ ನಾಚಿಕೆಯಾಗುವುದಿಲ್ಲವಲ್ಲ ಎಂದು ಯಜಮಾನರನ್ನು ಕೇಳಿ. ಎಲ್ಲಕ್ಕಿಂತ ದೊಡ್ಡದು, ಅರ್ಜಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು 34 ವರ್ಷದ ನಿಮ್ಮ ಮೈದುನ. ನಿಮ್ಮ ಪತ್ರದಲ್ಲಿ ಊರಿನವರು, ಅತ್ತೆ, ಯಜಮಾನರು ಎಲ್ಲರ ಮಾತೂ ಇದೆ, ಅವರೊಬ್ಬರದು ಇಲ್ಲ.

ಊರಿನವರ ಅನುಮಾನಕ್ಕೆ ಬುಡವೇ ಇಲ್ಲ ಎನ್ನಲಾಗದು. ಸುಳ್ಳು ಸರ್ಟಿಫಿಕೇಟು ಮಾಡಿಸಿಕೊಂಡವರು ಇದ್ದಾರೆ. 2024ರಲ್ಲಿ ಪ್ರೊಬೇಷನರಿ ಐಎಎಸ್ ಅಧಿಕಾರಿಯೊಬ್ಬರ ಆಯ್ಕೆಯನ್ನೇ ಯುಪಿಎಸ್‌ಸಿ ರದ್ದು ಮಾಡಿತು, ಆ ಗಲಾಟೆಯಲ್ಲಿ ಅಂಗವೈಕಲ್ಯದ ದಾಖಲೆಗಳ ಮೇಲೂ ಪ್ರಶ್ನೆ ಎದ್ದಿತ್ತು. ಅದರ ಬಿಸಿ ತಟ್ಟಿದ್ದು ಮಾತ್ರ ಮೇಲ್ನೋಟಕ್ಕೆ ‘ಚೆನ್ನಾಗಿ ಕಾಣುವ’ ನಿಜವಾದ ವಿಕಲಚೇತನರಿಗೆ. ಯಾರಾದರೂ ನಾಲ್ಕು ಜನರ ಎದುರು ಬೇಕೆಂದೇ ಹೀಯಾಳಿಸಿದರೆ 92ನೇ ಕಲಮಿನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆಯಿದೆ. ಮೊದಲ ದಿನವೇ ಠಾಣೆಗೆ ಹೋಗಬೇಡಿ, ಆದರೆ ಆ ಕಲಮಿದೆ ಎನ್ನುವುದು ಅರಳಿಕಟ್ಟೆಯವರಿಗೆ ತಿಳಿದಿದ್ದರೆ ಒಳ್ಳೆಯದು.

ಟಿವಿಎಸ್ ಗಾಡಿಯನ್ನು ಮಾತ್ರ ಇವತ್ತೇ ನಿಲ್ಲಿಸಬೇಕು. ಊರಿನವರು ನೋಡುತ್ತಾರೆಂದಲ್ಲ. ಎದುರಿನ ರಸ್ತೆ ಅವರಿಗೆ ಕಾಣುತ್ತದೆ, ಪಕ್ಕದ ಓಣಿಯಿಂದ ಓಡಿಬರುವ ಮಗುವೋ ಕರುವೋ ಕಾಣುವುದಿಲ್ಲ. ದಿನಾ ಹೋಗುವ ದಾರಿ ಬಾಯಿಪಾಠವಾಗಿರುವುದರಿಂದ ಇಷ್ಟು ದಿನ ಏನೂ ಆಗಿಲ್ಲ. ಡೈರಿ ನಡೆದು ಹೋಗುವಷ್ಟು ದೂರವಿದ್ದರೆ ಕ್ಯಾನ್ ಹಿಡಿದು ನಡೆಯಲಿ, ಇಲ್ಲದಿದ್ದರೆ ಹಾಲು ಹಾಕುವ ಕೆಲಸ ನೀವು ತೆಗೆದುಕೊಂಡು ಹಸುವಿನ ಕೆಲಸ ಅವರಿಗೆ ಬಿಡಿ.

ಅತ್ತೆಗೆ ಹೇಳಬೇಕಾದ್ದು ಇಷ್ಟು. ಮುಚ್ಚಿಟ್ಟು ಮದುವೆ ಮಾಡಿದರೆ ಮೊದಲ ರಾತ್ರಿ ಕರೆಂಟು ಹೋದಾಗಲೇ ಗುಟ್ಟು ರಟ್ಟಾಗುತ್ತದೆ. ಇಂಥ ವಿಷಯ ಮುಚ್ಚಿಟ್ಟದ್ದು ವಂಚನೆ ಎಂದು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಹೆಣ್ಣಿನ ಕಡೆಯವರು ನ್ಯಾಯಾಲಯಕ್ಕೆ ಹೋಗಬಹುದು. ಹೇಳಿ ಮಾಡಿದ ಮದುವೆಗೆ ಆ ಭಯವಿಲ್ಲ. ಕಾಯಿಲೆ ವಂಶದಲ್ಲಿ ಬರುವಂಥದ್ದು, ಆದ್ದರಿಂದ ಅವರಿಗೆ ಸೋದರ ಸಂಬಂಧದಲ್ಲಿ ಹೆಣ್ಣು ನೋಡಬೇಡಿ. ನೀವೂ ಯಜಮಾನರೂ ರಕ್ತಸಂಬಂಧಿಗಳಾಗಿದ್ದರೆ ನಿಮ್ಮ ಮಕ್ಕಳ ಕಣ್ಣನ್ನೂ ಒಮ್ಮೆ ತೋರಿಸಿ.

ಈ ಕಾಯಿಲೆಯನ್ನು ವಾಸಿ ಮಾಡುವ ಹನಿ, ಬೇರು, ಲೇಪ ಯಾವುದೂ ಇಲ್ಲ, ಕ್ಯಾರೆಟ್ಟಿನಿಂದಲೂ ಆಗದು. ಆದರೆ ಇದರ ಜೊತೆಗೆ ಬರುವ ಪೊರೆಗೂ ನಡುವಿನ ರೆಟಿನಾದ ಊತಕ್ಕೂ ಚಿಕಿತ್ಸೆಯಿದೆ, ವರ್ಷಕ್ಕೊಮ್ಮೆ ತೋರಿಸಲೇಬೇಕು. ಮೊಬೈಲಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ ಎರಡೂ ಉಚಿತ, ಕನ್ನಡ ಓದಿ ಹೇಳುತ್ತವೆ. ಕಣ್ಣು ಇರುವಾಗಲೇ ಕಲಿತರೆ ಸುಲಭ. ಮಡಚುವ ಬಿಳಿ ಕೋಲು ಎದೆಮೂಳೆಯವರೆಗೆ ಬರುವಷ್ಟು ಉದ್ದವಿರಲಿ, ಸಂಜೆ ಮಾತ್ರ ಬಳಸಿದರೂ ಆಯಿತು.

ಮನೆಯಲ್ಲಿ ಬಾಗಿಲು ಪೂರ್ತಿ ತೆಗೆದಿರಲಿ ಇಲ್ಲವೇ ಪೂರ್ತಿ ಮುಚ್ಚಿರಲಿ, ಅರ್ಧ ತೆರೆದ ಬಾಗಿಲು ನೇರ ಹಣೆಗೆ ಬಡಿಯುತ್ತದೆ. ಮೆಟ್ಟಿಲಂಚಿಗೆ ಎರಡು ಬೆರಳಗಲ ಹಳದಿ ಬಣ್ಣ ಬಳಿಯಿರಿ. ಹಾಲಿನ ಪಾತ್ರೆ ನೆಲದ ಮೇಲೆ ಬೇಡ, ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ಇಡಿ.

ಅವರ ಜೊತೆ ಮಾತು ಶುರು ಮಾಡಲು ದೊಡ್ಡ ಪೀಠಿಕೆ ಬೇಡ. ‘ಕೊಳವೆ ಇಟ್ಟುಕೊಂಡು ನೋಡಿದೆ, ನಾನೂ ಬಕೆಟ್ ಒದ್ದೆ’ ಎಂದರೆ ಸಾಕು. ಬೋರ್ಡಿನ ದಿನ ಕಣ್ಣಿಗೆ ಹನಿ ಹಾಕಿದರೆ ನಾಲ್ಕೈದು ಗಂಟೆ ಉಳಿದ ನೋಟವೂ ಮಬ್ಬಾಗಿರುತ್ತದೆ, ಒಬ್ಬರನ್ನೇ ಕಳಿಸಬೇಡಿ. ಕೈ ಹಿಡಿದು ಎಳೆದುಕೊಂಡು ಹೋಗಬಾರದು. ಅವರೇ ಜೊತೆಯವರ ಮೊಣಕೈ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಲಿ, ಮೆಟ್ಟಿಲು ಬಂದಾಗ ‘ಮೇಲಕ್ಕೆ’, ‘ಕೆಳಕ್ಕೆ’ ಎಂದು ಹೇಳಿದರಾಯಿತು. ಅತ್ತಿಗೆಯ ತೋಳು ಹಿಡಿಯಲು ಅವರಿಗೆ ಸಂಕೋಚವಾದರೆ ನಿಮ್ಮ ಹೆಗಲ ಚೀಲದ ಪಟ್ಟಿ ಹಿಡಿದುಕೊಳ್ಳಲಿ. ಅದಕ್ಕಿಂತ ಒಳ್ಳೆಯದು, ಒಂದು ದಿನದ ಕೂಲಿ ಬಿಟ್ಟು ಅಣ್ಣನೇ ಜೊತೆಗೆ ಹೋಗಲಿ.