31 ಏಕೆ ಬೇಡ, 23 ಏಕೆ ಬೇಕು

ಇಬ್ಬರು ಬಯಲಿನಲ್ಲೇ ಸಂಖ್ಯೆಗಳನ್ನು ಬದಲಾಯಿಸಿಕೊಂಡು ಒಂದೇ ಗುಟ್ಟಿನ ಕೀಲಿಗೆ ಬರುವ ಡಿಫಿ-ಹೆಲ್‌ಮನ್ ಕೀಲಿ ವಿನಿಮಯಕ್ಕೆ ಯಾವುದಾದರೂ ದೊಡ್ಡ ಅವಿಭಾಜ್ಯ ಸಂಖ್ಯೆ ಸಾಲದೇ, ‘ಸೇಫ್ ಪ್ರೈಮ್’ (ಒಂದು ಕಳೆದು ಅರ್ಧ ಮಾಡಿದರೂ ಅವಿಭಾಜ್ಯವೇ ಉಳಿಯುವ ಅವಿಭಾಜ್ಯ) ಎಂಬ ಹಟ ಏಕೆ ಎಂದು ಕೇಳಿದ್ದೀರಿ. ಸಾಲದು. ಕಳ್ಳ ಹಿತ್ತಿಲ ಬಾಗಿಲಿನಿಂದ ಬರುತ್ತಾನೆ. ಆ ಬಾಗಿಲು, ಅವಿಭಾಜ್ಯದಿಂದ ಒಂದು ಕಳೆದಾಗ ಉಳಿಯುವ ಸಂಖ್ಯೆ.

ಕಾಗದದ ಮೇಲೆ ಮಾಡಿ ನೋಡಿ. ಅವಿಭಾಜ್ಯ 31, ಆಧಾರ 3, ನನ್ನ ಗುಟ್ಟಿನ ಘಾತ 17 ಎಂದಿರಲಿ. 3ರ 17ನೇ ಘಾತವನ್ನು 31ರಿಂದ ಭಾಗಿಸಿದರೆ ಶೇಷ 22. ಇದಷ್ಟೇ ನಿಮಗೆ ಕಾಣುವುದು. ಆದರೆ 30 ಎಂದರೆ 2×3×5. 22ನ್ನು 30ರ ಅರ್ಧವಾದ 15ನೇ ಘಾತಕ್ಕೇರಿಸಿ, 31ರಿಂದ ಭಾಗಿಸಿ. ಗುಟ್ಟು ಸಮ ಸಂಖ್ಯೆಯಾಗಿದ್ದರೆ ಶೇಷ 1 ಬರಬೇಕು. ಶೇಷ 1 ಬಾರದೆ 30 ಬರುತ್ತದೆ, ಅಂದರೆ ಗುಟ್ಟು ಬೆಸ ಸಂಖ್ಯೆ. ಹೀಗೆಯೇ 30ನ್ನು 3ರಿಂದ ಮತ್ತು 5ರಿಂದ ಭಾಗಿಸಿ ಸಿಗುವ 10ನೇ ಮತ್ತು 6ನೇ ಘಾತಗಳಿಂದ, ಗುಟ್ಟನ್ನು 3ರಿಂದ ಭಾಗಿಸಿದರೂ 5ರಿಂದ ಭಾಗಿಸಿದರೂ ಶೇಷ 2 ಎಂದು ತಿಳಿಯುತ್ತದೆ. 30ರೊಳಗೆ ಈ ಮೂರಕ್ಕೂ ಹೊಂದುವುದು 17 ಒಂದೇ! ಪೋಲಿಗ್ ಮತ್ತು ಹೆಲ್‌ಮನ್ 1978ರಲ್ಲಿ ಪ್ರಕಟಿಸಿದ ಉಪಾಯವಿದು.

23 ಆದರೆ? 22 ಎಂದರೆ 2×11, ಆ 11 ಮತ್ತೆ ಒಡೆಯುವುದಿಲ್ಲ. 23 ಸೇಫ್ ಪ್ರೈಮ್, ಅದರೊಳಗಿನ 11ರಂಥದ್ದಕ್ಕೆ ಸೋಫಿ ಜರ್ಮೇನ್ ಅವಿಭಾಜ್ಯ ಎಂದು ಹೆಸರು. 2048 ಬಿಟ್‌ಗಳ ಅಳತೆಯಲ್ಲಿ 11ರ ಜಾಗದಲ್ಲಿ 2047 ಬಿಟ್‌ಗಳ ಅವಿಭಾಜ್ಯ ಕೂತಿರುತ್ತದೆ. ತುಂಡು ತುಂಡಾಗಿ ಕೀಳಲು 2 ಬಿಟ್ಟರೆ ಬೇರೆ ಸಣ್ಣ ತುಂಡುಗಳೇ ಇರುವುದಿಲ್ಲ.

ಆರ್‌ಎಸ್‌ಎ ಎಂಬ ಇನ್ನೊಂದು ಗೂಢಲಿಪಿ ವಿಧಾನಕ್ಕೆ ಈ ಹಟ ಬೇಡ. ಅಲ್ಲಿ ಸರಿಯಾಗಿ ಯಾದೃಚ್ಛಿಕವಾಗಿ ಆರಿಸಿದ ದೊಡ್ಡ ಅವಿಭಾಜ್ಯಗಳೇ ಸಾಕು. ಇನ್ನು ನಿಮ್ಮ ಪ್ರೋಗ್ರಾಮಿಗೆ ಸೇಫ್ ಪ್ರೈಮ್ ಹುಡುಕುತ್ತಾ ಕೂರಬೇಡಿ, ಇಂಟರ್ನೆಟ್ ಮಾನದಂಡಗಳ ದಾಖಲೆಯಾದ ಆರ್‌ಎಫ್‌ಸಿ 3526ರಲ್ಲಿ ಸಿದ್ಧವಾಗಿಯೇ ಇವೆ.